‘ಎಲ್ಲರೂ’ ಅಂದರೆ ಯಾರ್ಯಾರು?



ಬೇರೆಯವರ ತಪ್ಪಿನ ಬಗ್ಗೆ ಬರೆಯುವ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ.

ಚರ್ಚಿನ ಹಬ್ಬದ ವಿಡಿಯೋ ವಿಷಯ ನಿಮಗೆ ಗೊತ್ತಿದೆ. ಈ ವರ್ಷದ ಮೆರವಣಿಗೆ, ಬಲಿಪೂಜೆ, ಸಂಜೆಯ ನಾಟಕ, ಇವುಗಳ ಜೊತೆಗೆ ಹಳೆಯ ಕ್ಯಾಸೆಟ್‌ಗಳಲ್ಲಿ ಉಳಿದಿದ್ದ ತೊಂಬತ್ತರ ದಶಕದ ತೇರು, ಎರಡು ಮೂರು ಮದುವೆ, ಮಕ್ಕಳ ಮೊದಲ ಪರಮಪ್ರಸಾದ, ಎಲ್ಲವನ್ನೂ ಸೇರಿಸಿ ಒಂದೇ ವಿಡಿಯೋ ಮಾಡೋಣ ಅಂತ ಯುವಜನರು ಕೂತು ತೀರ್ಮಾನ ಮಾಡಿದ್ದೆವು. ಕ್ಯಾಸೆಟ್‌ಗಳಿಗೆ ಬಿಳಿ ಬೂಷ್ಟು ಹಿಡಿದಿತ್ತು. ಓಡುವ ಡೆಕ್ ಸಿಗುವುದೇ ಕಷ್ಟವಾಯಿತು. ಕೊನೆಗೆ ಒಬ್ಬರ ಅಟ್ಟದಲ್ಲಿ ಸಿಕ್ಕ ಡೆಕ್ಕಿನ ಹೆಡ್ ಒರೆಸಿ ಒರೆಸಿ, ನಿಂತಾಗಲೆಲ್ಲ ಮತ್ತೆ ಹಾಕಿ, ಅಂತೂ ಕಂಪ್ಯೂಟರಿಗೆ ಇಳಿಸಿದೆವು. ಆ ಕೆಲಸದ ಬಗ್ಗೆ ನಮಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆಮೇಲೆ ಬಂದದ್ದು, ಇದನ್ನು ಮನೆಮನೆಗೆ ಹೇಗೆ ಮುಟ್ಟಿಸುವುದು ಅನ್ನುವ ಪ್ರಶ್ನೆ. ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದೆವು. ‘ಹಬ್ಬದ ವಿಡಿಯೋ ನಿಮಗೆ ಹೇಗೆ ಬೇಕು? ಯೂಟ್ಯೂಬ್ ಲಿಂಕಾ? ಪೆನ್ ಡ್ರೈವಾ?’ ಒಂದು ರಾತ್ರಿಯಲ್ಲಿ ಐವತ್ತು ಚಿಲ್ಲರೆ ಮಂದಿ ಒತ್ತಿದರು. ನಾಲ್ಕೈದು ಮಂದಿ ಬಿಟ್ಟರೆ ಎಲ್ಲರೂ ಲಿಂಕ್. ಫೋಟೋ ತೆಗೆಸಲು ಹೋದಾಗ ಸ್ಟುಡಿಯೋದವರನ್ನೂ ಒಂದು ಮಾತು ಕೇಳಿದೆವು. ‘ಈಗ ಡಿವಿಡಿ ಯಾರೂ ಕೇಳಲ್ಲಪ್ಪ’ ಅಂದರು. ಅಲ್ಲಿಗೆ ಮುಗಿಯಿತು. ಭಾನುವಾರ ಪೂಜೆ ಮುಗಿದ ಮೇಲೆ ಪ್ರಕಟಣೆಯಲ್ಲಿ ನಾವೇ ಓದಿದೆವು: ಎಲ್ಲರೂ ಲಿಂಕ್ ಕೇಳಿದ್ದಾರೆ, ಆದ್ದರಿಂದ ಲಿಂಕ್ ಕಳಿಸಿದ್ದೇವೆ.

ಎರಡು ವಾರ ಕಳೆಯಿತು. ಒಬ್ಬ ಅಜ್ಜಿ ಬಾಗಿಲ ಬಳಿ ನಮ್ಮಲ್ಲೊಬ್ಬನ ಕೈ ಹಿಡಿದು ನಿಲ್ಲಿಸಿದರು. ‘ಏನ್ ಮಗಾ, ಎಲ್ರಿಗೂ ಕೊಟ್ರಂತೆ, ನಮ್ಮನೆಗೆ ಮಾತ್ರ ಹಬ್ಬದ ಸೀಡಿ ಬರ್ಲೇ ಇಲ್ವಲ್ಲ?’

ಅಜ್ಜಿ, ಅದು ಸೀಡಿ ಅಲ್ಲ, ಲಿಂಕು, ನಿಮ್ಮ ಮಗನ ಫೋನಿಗೆ ಬಂದಿದೆ ಅಂದೆವು. ಮಗ ಇರುವುದು ಹೊಸೂರಿನಲ್ಲಿ, ಕೆಲಸದ ಮೇಲೆ. ತಿಂಗಳಿಗೊಮ್ಮೆ ಬಂದರೆ ಬಂದ. ಅಜ್ಜಿಯ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಮನೆಯಲ್ಲಿ ಟಿವಿ ಇದೆ, ಅದಕ್ಕೆ ಜೋಡಿಸಿದ ಡಿವಿಡಿ ಪ್ಲೇಯರ್ ಇದೆ. ಆ ಹಳೆಯ ತೇರಿನ ಕ್ಯಾಸೆಟ್‌ನಲ್ಲಿ ಮುಂದೆ ಶಿಲುಬೆ ಹಿಡಿದು ನಡೆಯುವವರು ಅಜ್ಜಿಯ ಯಜಮಾನರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರು ನಡೆದಾಡುವುದನ್ನು ನೋಡುವುದಕ್ಕೆ ಅಜ್ಜಿಗೆ ಈ ಭೂಮಿಯ ಮೇಲೆ ಇರುವುದು ಅದೊಂದೇ ತುಣುಕು.

ನಮ್ಮ ಪೋಲಿನಲ್ಲಿ ಡಿವಿಡಿ ಅನ್ನುವ ಆಯ್ಕೆಯೇ ಇರಲಿಲ್ಲ. ಅಜ್ಜಿ ಆ ಗ್ರೂಪಿನಲ್ಲೇ ಇರಲಿಲ್ಲ. ಆದರೂ ನಾವು ‘ಎಲ್ಲರೂ’ ಅಂತ ಓದಿದೆವು, ಅದೂ ಚರ್ಚಿನೊಳಗೆ ನಿಂತು.

ಆ ದಿನದಿಂದ ಈ ‘ಎಲ್ಲರೂ’ ಅನ್ನುವ ಪದ ನಮ್ಮನ್ನು ಚುಚ್ಚುತ್ತಿದೆ. ಸ್ವಲ್ಪ ಓದಿದೆವು, ಕೇಳಿದೆವು. ತಮಾಷೆಯೆಂದರೆ, ಮನೆಯಲ್ಲಿ ವಿಡಿಯೋ ನೋಡುವ ಸಾಧನದ ಇತಿಹಾಸವೇ ಇಂಥ ‘ಎಲ್ಲರೂ’ಗಳಿಂದ ತುಂಬಿದೆ. ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಹಣ ಸುರಿದು ಮಾಡಿದ್ದನ್ನೇ ನಾವು ಕಾಸು ಖರ್ಚಿಲ್ಲದೆ ಮಾಡಿದ್ದೆವು.

ಮೊದಲ ಜಗಳ ಬೀಟಾಮ್ಯಾಕ್ಸ್ ಮತ್ತು ವಿಎಚ್‌ಎಸ್ ನಡುವೆ. ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ತಂತು, ಮರುವರ್ಷ ಜೆವಿಸಿ ಕಂಪನಿ ವಿಎಚ್‌ಎಸ್ ತಂತು. ಚಿತ್ರ ಯಾವುದರಲ್ಲಿ ಚೆನ್ನ ಅಂತ ಕೇಳಿದರೆ ಬೀಟಾಮ್ಯಾಕ್ಸ್ ಅನ್ನುವವರು ಇವತ್ತಿಗೂ ಇದ್ದಾರೆ. ಆದರೆ ಮೊದಲ ಬೀಟಾಮ್ಯಾಕ್ಸ್ ಕ್ಯಾಸೆಟ್‌ನಲ್ಲಿ ಹಿಡಿಸುತ್ತಿದ್ದದ್ದು ಒಂದು ಗಂಟೆ, ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಒಂದು ಸಿನಿಮಾ ಪೂರ್ತಿ ರೆಕಾರ್ಡ್ ಮಾಡಬೇಕು ಅನ್ನುವವನಿಗೆ ಬೇಕಾದದ್ದು ಆ ಎರಡು ಗಂಟೆ. ‘ಚಿತ್ರ ಯಾವುದು ಚೆನ್ನ’ ಅಂತಲೇ ಕೇಳುತ್ತಾ ಕೂತರೆ ಈ ಉತ್ತರ ಎಂದಿಗೂ ಬಾಯಿಗೆ ಬರುವುದಿಲ್ಲ. ಉತ್ತರ ತಪ್ಪಾಗುವುದಕ್ಕೆ ಮೊದಲು ಪ್ರಶ್ನೆಯೇ ತಪ್ಪಾಗಿರುತ್ತದೆ, ಅನೇಕ ಸಲ.

ನಮ್ಮ ಕಡೆಗೆ ಬಂದದ್ದು ವಿಎಚ್‌ಎಸ್. 1982ರ ಏಷ್ಯನ್ ಗೇಮ್ಸ್ ಸಮಯದಲ್ಲಿ ದೇಶಕ್ಕೆ ಕಲರ್ ಟಿವಿ ಬಂದ ಮೇಲೆ ಊರೂರಿಗೂ ಡೆಕ್ ಬಂತು. ಕೊಂಡವರು ಕಡಿಮೆ, ಬಾಡಿಗೆಗೆ ತಂದವರೇ ಹೆಚ್ಚು. ಟಿವಿಯೂ ಬಾಡಿಗೆ, ಡೆಕ್ಕೂ ಬಾಡಿಗೆ, ಒಂದು ರಾತ್ರಿಗೆ ಮೂರು ಸಿನಿಮಾ. ಬೀದಿಯ ಮಕ್ಕಳೆಲ್ಲ ಒಂದೇ ಅಂಗಳದಲ್ಲಿ ಚಾಪೆ ಹಾಸಿ ನೋಡಿದ ಕಥೆಯನ್ನು ನಮ್ಮ ಅಪ್ಪಂದಿರು ಈಗಲೂ ಹೇಳುತ್ತಾರೆ. ಆ ಕಾಲದಲ್ಲಿ ಯಾರಾದರೂ ‘ನಿಮ್ಮ ಮನೆಯಲ್ಲಿ ಯಾವ ವಿಸಿಆರ್ ಇದೆ’ ಅಂತ ಸಮೀಕ್ಷೆ ಮಾಡಿದ್ದರೆ ನಲ್ಲಂಪಳ್ಳಿಯ ಹೆಚ್ಚಿನ ಮನೆಗಳ ಮುಂದೆ ಸೊನ್ನೆ ಬರೆಯುತ್ತಿದ್ದರು. ಆದರೆ ಆ ಸೊನ್ನೆ ಮನೆಗಳವರೇ ರಾತ್ರಿಯಿಡೀ ನಿದ್ದೆಗೆಟ್ಟು ನೋಡಿದವರು.

ಆಮೇಲೆ ಬಂತು ವಿಸಿಡಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಫಿಲಿಪ್ಸ್, ಸೋನಿ, ಜೆವಿಸಿ, ಮತ್ಸುಶಿತಾ ಕಂಪನಿಗಳು ಸೇರಿ 1993ರಲ್ಲಿ ಇದನ್ನು ತಂದವು. ಒಂದು ಡಿಸ್ಕಿನಲ್ಲಿ 74 ನಿಮಿಷ. ನಮ್ಮ ಸಿನಿಮಾ ಒಂದಕ್ಕೆ ಎರಡು ಡಿಸ್ಕು, ಕೆಲವಕ್ಕೆ ಮೂರು. ಹಾಡು ಶುರುವಾಗುವ ಹೊತ್ತಿಗೆ ಸರಿಯಾಗಿ ಎದ್ದು ಡಿಸ್ಕ್ ಬದಲಿಸಬೇಕು. ಚಿತ್ರವೂ ಅಷ್ಟಕ್ಕಷ್ಟೇ. ಅಮೆರಿಕದಲ್ಲಿ ಇದನ್ನು ಯಾರೂ ಮೂಸಿಯೂ ನೋಡಲಿಲ್ಲ. ಅವರು ಕ್ಯಾಸೆಟ್‌ನಿಂದ ನೇರವಾಗಿ ಡಿವಿಡಿಗೆ ಹಾರಿದರು. ಅಲ್ಲಿನ ಸಮೀಕ್ಷೆಗಳಲ್ಲಿ ವಿಸಿಡಿಗೆ ಜಾಗವೇ ಇಲ್ಲ. ಆದರೆ ಚೀನಾ, ಆಗ್ನೇಯ ಏಷ್ಯಾ, ನಮ್ಮ ದೇಶ, ಇಲ್ಲೆಲ್ಲ ವರ್ಷಗಟ್ಟಲೆ ಓಡಿದ್ದು ಅದೇ. 2006ರಲ್ಲಿ ತಮಿಳುನಾಡು ಸರ್ಕಾರ ಉಚಿತ ಕಲರ್ ಟಿವಿ ಕೊಡಲು ಶುರುಮಾಡಿದಾಗ ನಮ್ಮ ಬೀದಿಗಳಿಗೂ ಆ 14 ಇಂಚಿನ ಪೆಟ್ಟಿಗೆಗಳು ಬಂದವು. ಟಿವಿ ಬಂದ ಮೇಲೆ ಪ್ಲೇಯರ್ ಬರದೇ ಇರುತ್ತದೆಯೇ? 2007ರಲ್ಲಿ ಮೋಸರ್ ಬೇಯರ್ ಅನ್ನುವ ನಮ್ಮ ದೇಶದ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರುಮಾಡಿತು. ಅದಕ್ಕೂ ಮೊದಲು ಅಸಲಿ ಡಿಸ್ಕ್ ಅಂದರೆ ಒಂದು ದಿನದ ಕೂಲಿ ಹೋಗುತ್ತಿತ್ತು.

ಈಗ ಒಂದು ಕ್ಷಣ ಆ 2007ನೇ ಇಸವಿಯಲ್ಲೇ ನಿಲ್ಲಿ. ನಾವು ಇಲ್ಲಿ 28 ರೂಪಾಯಿಯ ಡಿಸ್ಕ್ ಹಾಕಿಕೊಂಡು ಕೂತಿದ್ದ ಅದೇ ವರ್ಷ ‘ಜಗತ್ತಿನ ಗ್ರಾಹಕರು ಯಾವುದನ್ನು ಆರಿಸುತ್ತಾರೆ’ ಅನ್ನುವ ದೊಡ್ಡ ಜಗಳ ಕಡಲಾಚೆ ನಡೆಯುತ್ತಿತ್ತು. ಒಂದು ಕಡೆ ತೋಷಿಬಾ ಮುಂದಾಳತ್ವದ ಎಚ್‌ಡಿ ಡಿವಿಡಿ, ಇನ್ನೊಂದು ಕಡೆ ಸೋನಿ ಮತ್ತು ಜೊತೆಗಾರರ ಬ್ಲೂ-ರೇ. ಎರಡೂ 2006ರಲ್ಲಿ ಅಂಗಡಿಗೆ ಬಂದವು. ಎರಡರಲ್ಲೂ ನೀಲಿ ಲೇಸರ್, ಎರಡೂ ನೋಡಲು ಒಂದೇ ಥರದ ಡಿಸ್ಕ್, ಆದರೆ ಒಂದರದು ಇನ್ನೊಂದರಲ್ಲಿ ಓಡುವುದಿಲ್ಲ. ಯಾವುದು ಗೆಲ್ಲುತ್ತದೋ ತಿಳಿಯದೆ ಜನ ಕೈಕಟ್ಟಿ ಕಾಯುತ್ತಿದ್ದರು. ಕಾಯುತ್ತಿರುವವರನ್ನು ಎಳೆಯುವುದು ಹೇಗೆ? ‘ಎಲ್ಲರೂ ಆಗಲೇ ನಮ್ಮ ಕಡೆ ಬಂದಾಯಿತು’ ಅಂತ ತೋರಿಸಬೇಕು. ಅದಕ್ಕೇ ಅಂಕಿಗಳ ಮಳೆ ಸುರಿಯಿತು.

ಅದು ಹೇಗಿತ್ತು ನೋಡಿ. ಬ್ಲೂ-ರೇ ಪಕ್ಷದವರು, ನಮ್ಮ ಡಿಸ್ಕ್ ಅವರದಕ್ಕಿಂತ ಎರಡು ಪಟ್ಟು ಮಾರಾಟವಾಗುತ್ತಿದೆ ಅಂದರು. ಅದು ಹೆಚ್ಚುಕಡಿಮೆ ನಿಜವೇ. ಎಚ್‌ಡಿ ಡಿವಿಡಿ ಪಕ್ಷದವರು, ಸಿನಿಮಾ ನೋಡುವುದಕ್ಕೆಂದೇ ಕೊಳ್ಳುವ ಪ್ಲೇಯರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮವು ಅಂದರು. ಅದೂ ಹೆಚ್ಚುಕಡಿಮೆ ನಿಜವೇ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಗುಟ್ಟು ಇರುವುದು ಪ್ಲೇಸ್ಟೇಷನ್ 3 ಅನ್ನುವ ಆಟದ ಪೆಟ್ಟಿಗೆಯಲ್ಲಿ. 2006ರ ನವೆಂಬರ್‌ನಲ್ಲಿ ಬಂದ ಆ ಪೆಟ್ಟಿಗೆಯಲ್ಲಿ ಬ್ಲೂ-ರೇ ಓಡುತ್ತಿತ್ತು. ಅದನ್ನು ಕೊಂಡ ಹುಡುಗರಲ್ಲಿ ಎಷ್ಟೋ ಮಂದಿ ಕೊಂಡದ್ದು ಗೇಮ್ ಆಡುವುದಕ್ಕೆ. ಅವುಗಳನ್ನು ಪ್ಲೇಯರ್ ಅಂತ ಎಣಿಸಿದರೆ ಬ್ಲೂ-ರೇ ಬಹಳ ಮುಂದೆ, ಬಿಟ್ಟರೆ ಎಚ್‌ಡಿ ಡಿವಿಡಿ ಮುಂದೆ. ಪ್ರತಿಯೊಬ್ಬರೂ ತಮಗೆ ಬೇಕಾದ ಗೆರೆ ಎಳೆದುಕೊಂಡು, ಗೆರೆಯ ಒಳಗಿರುವುದನ್ನು ಮಾತ್ರ ಎಣಿಸಿ, ಜನರ ತೀರ್ಪು ಬಂತು ಅಂತ ಸಾರಿದರು.

ಅದೇ ಪ್ಲೇಸ್ಟೇಷನ್ ಲೆಕ್ಕವನ್ನು ಎಚ್‌ಡಿ ಡಿವಿಡಿಯವರು ಇನ್ನೊಂದು ಥರ ತಿರುಗಿಸಿದರು: ನಮ್ಮ ಒಂದೊಂದು ಪ್ಲೇಯರಿಗೆ ಜನ ಕೊಳ್ಳುವ ಸಿನಿಮಾ ಹೆಚ್ಚು, ಅವರ ಒಂದೊಂದಕ್ಕೆ ಕಡಿಮೆ, ಆದ್ದರಿಂದ ನಿಜವಾದ ಸಿನಿಮಾ ಪ್ರೇಮಿಗಳು ನಮ್ಮವರು. ಗೇಮ್ ಹುಡುಗರನ್ನೂ ಸೇರಿಸಿ ಭಾಗಿಸಿದರೆ ಆ ಕಡೆ ಸರಾಸರಿ ಇಳಿಯದೇ ಇನ್ನೇನಾಗುತ್ತದೆ? ಅದರ ಮೇಲೆ, ಎರಡೂ ಕಡೆಯವರು ಪ್ಲೇಯರ್ ಕೊಂಡವರಿಗೆ ಡಿಸ್ಕುಗಳನ್ನು ಪುಕ್ಕಟೆ ಕೊಡುತ್ತಿದ್ದರು. ಪುಕ್ಕಟೆ ಸಿಕ್ಕಿದ್ದನ್ನು ‘ಇಷ್ಟಪಟ್ಟು ಆರಿಸಿದ್ದು’ ಅಂತ ಹೇಳಬಹುದೇ? ಇನ್ನೊಂದು ತಂತ್ರ, ಅಂಗಡಿಗೆ ಕಳಿಸಿದ ಸರಕನ್ನೇ ದೊಡ್ಡ ಅಂಕಿಯಾಗಿ ಹೇಳುವುದು. ನಮ್ಮ ಪಾಲಕ್ಕೋಡು ಮಾರುಕಟ್ಟೆಗೆ ಇವತ್ತು ಇಷ್ಟು ಲೋಡ್ ಟೊಮೇಟೊ ಬಂತು ಅಂದಮಾತ್ರಕ್ಕೆ ಅಷ್ಟೂ ಯಾರದೋ ಸಾರಿಗೆ ಬಿತ್ತು ಅಂತ ಅರ್ಥವೇ? ಬೆಲೆ ಬಿದ್ದ ದಿನ ರಸ್ತೆ ಬದಿಗೆ ಸುರಿದದ್ದನ್ನು ನಾವು ಎಷ್ಟು ಸಲ ನೋಡಿಲ್ಲ.

ಡಿಸ್ಕ್ ಮಾರಾಟದ ಲೆಕ್ಕದಲ್ಲೂ ಒಂದು ತೂತು ಇತ್ತು. ಅಮೆರಿಕದಲ್ಲಿ ಆ ಲೆಕ್ಕ ಹಿಡಿಯುತ್ತಿದ್ದ ನೀಲ್ಸನ್ ಸಂಸ್ಥೆಗೆ ಅಲ್ಲಿನ ಅತಿ ದೊಡ್ಡ ಅಂಗಡಿ ಸರಣಿಯಾದ ವಾಲ್‌ಮಾರ್ಟ್ ತನ್ನ ಅಂಕಿ ಕೊಡುತ್ತಿರಲಿಲ್ಲ. ಬಡವರು, ಮಧ್ಯಮ ವರ್ಗದವರು ಹೆಚ್ಚು ಹೋಗುವ ಅಂಗಡಿ ಅದು. 2007ರ ನವೆಂಬರ್‌ನಲ್ಲಿ ತೋಷಿಬಾ ಪ್ಲೇಯರ್ ನೂರು ಡಾಲರ್‌ಗಿಂತ ಕಡಿಮೆಗೆ ಮಾರಾಟವಾದದ್ದೂ ಅಲ್ಲೇ. ಅಂದರೆ ಅಗ್ಗದ ಅಂಗಡಿಯ ಜನ ಎಣಿಕೆಯಿಂದ ಹೊರಗೆ. ಇದನ್ನು ಓದಿದಾಗ ನಮಗೆ ಅಜ್ಜಿಯ ನೆನಪಾಯಿತು.

ಕೊನೆಗೆ ತೀರ್ಮಾನ ಮಾಡಿದ್ದು ಗ್ರಾಹಕರೇ? 2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಸಿನಿಮಾ ಕಂಪನಿ ಎಚ್‌ಡಿ ಡಿವಿಡಿಗೆ ಮಾತ್ರ ಸಿನಿಮಾ ಕೊಡುತ್ತೇವೆ ಅಂದಿತು. ಪ್ಯಾರಾಮೌಂಟ್‌ಗೂ ಅದರ ಜೊತೆಗಾರ ಕಂಪನಿಗೂ ಸೇರಿ ಸುಮಾರು 15 ಕೋಟಿ ಡಾಲರ್ ಮೌಲ್ಯದ ಪ್ರೋತ್ಸಾಹ ಸಿಕ್ಕಿದೆ ಅಂತ ನ್ಯೂಯಾರ್ಕ್ ಟೈಮ್ಸ್ ಬರೆಯಿತು. 2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಬ್ಲೂ-ರೇ ಕಡೆ ಹೋಯಿತು. ಅದಾಗಿ ಆರೇಳು ವಾರದಲ್ಲಿ ದೊಡ್ಡ ಅಂಗಡಿಗಳು ಒಂದರ ಹಿಂದೆ ಒಂದು ಕೈಬಿಟ್ಟವು, ಫೆಬ್ರವರಿ 19ರಂದು ತೋಷಿಬಾ ಸೋಲೊಪ್ಪಿತು. ಎಚ್‌ಡಿ ಡಿವಿಡಿ ಉಳಿಸಿ ಅಂತ ಇಂಟರ್ನೆಟ್‌ನಲ್ಲಿ ಸಾವಿರಾರು ಮಂದಿ ಸಹಿ ಹಾಕಿದರು. ಆ ಸಹಿಗಳನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಒಂದೂವರೆ ವರ್ಷ ಗ್ರಾಹಕನೇ ರಾಜ ಎಂದು ಅವನ ಹೆಸರಿನಲ್ಲಿ ಅಂಕಿ ಹೊರಡಿಸಿದವರು, ಕಡೆಗೆ ತಮ್ಮತಮ್ಮಲ್ಲೇ ಮುಗಿಸಿಕೊಂಡರು. ‘ಎಲ್ಲರೂ ಕೊಳ್ಳುತ್ತಿದ್ದಾರೆ’ ಅನ್ನುವ ಮಾತು ನಂಬಿ ಆ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಉಡುಗೊರೆಯಾಗಿ ಮಕ್ಕಳಿಗೆ ಎಚ್‌ಡಿ ಡಿವಿಡಿ ಪ್ಲೇಯರ್ ಕೊಂಡ ಅಪ್ಪ ಅಮ್ಮಂದಿರ ಕೈಯಲ್ಲಿ ಎರಡು ತಿಂಗಳಿಗೆ ಉಳಿದದ್ದು ಮುಂದೆ ಹೊಸ ಸಿನಿಮಾ ಬರದ ಒಂದು ಪೆಟ್ಟಿಗೆ. ಬೆಸ್ಟ್ ಬೈ ಅನ್ನುವ ಅಂಗಡಿ ಸರಣಿ ತನ್ನಲ್ಲಿ ಕೊಂಡವರಿಗೆ 50 ಡಾಲರ್‌ನ ಗಿಫ್ಟ್ ಕಾರ್ಡ್ ಕೊಟ್ಟಿತು, ಅಷ್ಟೇ ಸಮಾಧಾನ.

ಇದು ವಿಡಿಯೋಗೆ ಮಾತ್ರ ಸೇರಿದ್ದಲ್ಲ, ಹೊಸದೂ ಅಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ರೂಸ್‌ವೆಲ್ಟ್ ಸೋಲುತ್ತಾರೆ ಅಂತ ಬರೆಯಿತು. ಅವರು ಎರಡು ರಾಜ್ಯ ಬಿಟ್ಟು ಉಳಿದೆಲ್ಲ ಕಡೆ ಗೆದ್ದರು. ಪತ್ರಿಕೆಯವರು ವಿಳಾಸ ತೆಗೆದುಕೊಂಡಿದ್ದು ಟೆಲಿಫೋನ್ ಪುಸ್ತಕದಿಂದ, ಕಾರು ನೋಂದಣಿ ಪಟ್ಟಿಯಿಂದ. ಕೆಲಸ ಕಳೆದುಕೊಂಡು ಬೀದಿಗೆ ಬಿದ್ದಿದ್ದ ಆ ಕಾಲದ ಜನರ ಬಳಿ ಎಲ್ಲಿಯ ಫೋನು, ಎಲ್ಲಿಯ ಕಾರು? ಇಪ್ಪತ್ತು ಲಕ್ಷ ಉತ್ತರ ಬಂದರೂ ಸುಳ್ಳಾಗಬಹುದು. ನಮ್ಮ ಐವತ್ತು ಚಿಲ್ಲರೆ ಎಷ್ಟರದ್ದು!

ನಮ್ಮಲ್ಲಿ ಸ್ವಲ್ಪ ದೊಡ್ಡವರಿಗೆ 2007ರ ತಾಜ್ ಮಹಲ್ ಗಲಾಟೆ ನೆನಪಿರಬಹುದು. ಹೊಸ ಏಳು ಅದ್ಭುತಗಳ ಆಯ್ಕೆ, ಎಸ್‌ಎಂಎಸ್ ಕಳಿಸಿ, ದೇಶದ ಮಾನ ಉಳಿಸಿ ಅಂತ ಎಲ್ಲ ಕಡೆ ಕೂಗು. ಜುಲೈ 7ರಂದು ಲಿಸ್ಬನ್ ನಗರದಲ್ಲಿ ಫಲಿತಾಂಶ ಬಂತು, ತಾಜ್ ಪಟ್ಟಿಯಲ್ಲಿತ್ತು, ನಾವು ಪಟಾಕಿ ಹಚ್ಚಿದೆವು. ಇದು ಖಾಸಗಿಯವರು ನಡೆಸಿದ್ದು, ಇಂಟರ್ನೆಟ್ ಇರುವವರ ಅಭಿಪ್ರಾಯ ಮಾತ್ರ, ಇಡೀ ಜಗತ್ತಿನದಲ್ಲ ಅಂತ ಯುನೆಸ್ಕೋ ಸ್ಪಷ್ಟವಾಗಿ ಹೇಳಿತ್ತು. ಆ ಮಾತು ಯಾರ ಫೋನಿಗೂ ಫಾರ್ವರ್ಡ್ ಆಗಲಿಲ್ಲ. ತಾಜ್ ಮಹಲ್ ಚೆನ್ನಾಗಿದೆ ಅನ್ನುವುದಕ್ಕೆ ನಮಗೆ ಎಸ್‌ಎಂಎಸ್ ಯಾಕೆ ಬೇಕಿತ್ತೋ, ಈಗ ಯೋಚಿಸಿದರೆ ನಗು ಬರುತ್ತದೆ.

ಇತ್ತೀಚಿನದು ಬೇಕೆಂದರೆ ಟೂತ್‌ಪೇಸ್ಟ್ ಕಥೆ. ಜಗತ್ತಿನಾದ್ಯಂತ ದಂತವೈದ್ಯರು ಶಿಫಾರಸು ಮಾಡುವ ಪೇಸ್ಟ್, ಜಗತ್ತಿನ ನಂಬರ್ ಒನ್ ಅಂತ ಸೆನ್ಸೋಡೈನ್ ಜಾಹೀರಾತು ಬರುತ್ತಿತ್ತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆಧಾರ ಕೇಳಿದಾಗ ಮುಖ್ಯವಾಗಿ ಸಿಕ್ಕಿದ್ದು ಎರಡು ಸಮೀಕ್ಷೆ. ಎರಡೂ ಭಾರತದ ದಂತವೈದ್ಯರನ್ನು ಮಾತ್ರ ಕೇಳಿ ಮಾಡಿದ್ದು. 2022ರಲ್ಲಿ ಆ ಜಾಹೀರಾತು ನಿಲ್ಲಿಸಿ ಅಂತ ಪ್ರಾಧಿಕಾರ ಆದೇಶ ಮಾಡಿ 10 ಲಕ್ಷ ರೂಪಾಯಿ ದಂಡ ಹಾಕಿತು. ಪೇಸ್ಟ್ ಕೆಟ್ಟದ್ದು ಅಂತ ಅಲ್ಲ, ಕೇಳಿದ್ದು ಇಲ್ಲಿ, ಹೇಳಿದ್ದು ‘ಜಗತ್ತು’, ಅದಕ್ಕೆ. ಅದೇ ವರ್ಷದ ಜೂನ್‌ನಲ್ಲಿ ಬಂದ ಹೊಸ ನಿಯಮಾವಳಿಯಲ್ಲಿ ನಮ್ಮಂಥ ಗಡಿಯವರಿಗೆ ಇಷ್ಟವಾಗುವ ಒಂದು ಮಾತಿದೆ. ಜಾಹೀರಾತಿನ ದೊಡ್ಡ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅಕ್ಷರದ ಶೈಲಿಯೂ ಅದೇ ಇರಬೇಕು. ತಮಿಳಿನಲ್ಲಿ ಕೂಗಿ, ಮೂಲೆಯಲ್ಲಿ ಇರುವೆ ಗಾತ್ರದ ಇಂಗ್ಲಿಷ್‌ನಲ್ಲಿ ಪಿಸುಗುಟ್ಟುವ ಹಾಗಿಲ್ಲ. ಇಂಥದ್ದು ಕಂಡರೆ 1915 ನಂಬರಿಗೆ ಫೋನ್ ಮಾಡಿ ದೂರು ಹೇಳಬಹುದು.

ಕಂಪನಿಯವರಿಗಾದರೆ ದಂಡ ಇದೆ. ಚರ್ಚಿನ ಪ್ರಕಟಣೆಯಲ್ಲಿ ‘ಎಲ್ಲರೂ’ ಅಂತ ಓದಿದ ನಮಗೆ?

‘ಪೋಲ್‌ನಲ್ಲಿ ಸುಳ್ಳು ಇರಲಿಲ್ಲವಲ್ಲ, ಒತ್ತಿದವರು ಒತ್ತಿದ್ದೇ ಎಣಿಸಿದಿರಿ’ ಅಂತ ನಮ್ಮಲ್ಲೇ ಕೆಲವರು ಸಮಾಧಾನ ಹೇಳಿದರು. ಒಪ್ಪುವುದಿಲ್ಲ. ಮಧ್ಯರಾತ್ರಿಯವರೆಗೆ ಫೋನ್ ಹಿಡಿಯುವವರು ಯಾರು, ಗ್ರೂಪಿನಲ್ಲಿರುವವರು ಯಾರು ಅಂತ ನಮಗೆ ಗೊತ್ತಿತ್ತು. ಒಂದೊಂದು ಮನೆಯಿಂದ ಗ್ರೂಪಿನಲ್ಲಿರುವುದು ಬಹುಪಾಲು ಬೆಂಗಳೂರು, ಹೊಸೂರು, ತಿರುಪ್ಪೂರಿನಲ್ಲಿ ಕೆಲಸ ಮಾಡುವ ಮಗ ಅಥವಾ ಮಗಳು. ಹಬ್ಬಕ್ಕೆ ಬರಲಾಗದವರಿಗೆ ಲಿಂಕ್ ಬೇಕು, ಅದು ನಿಜ, ಅವರನ್ನು ದೂರುವ ಹಾಗಿಲ್ಲ. ಆದರೆ ಊರಿನಲ್ಲೇ ಇದ್ದು, ಚರ್ಚು ಗುಡಿಸಿ, ಹೂವು ಕಟ್ಟಿ, ಹಬ್ಬದ ಅಡುಗೆಗೆ ತರಕಾರಿ ಹೆಚ್ಚಿದವರನ್ನು ನಾವು ಕೇಳಲಿಲ್ಲ. ಕೇಳಿದ್ದರೂ ನಮ್ಮ ಪೋಲ್ ಇದ್ದದ್ದು ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡವನ್ನೇ ಆಡುವ ಹಿರಿಯರಿಗೆ ಅದನ್ನು ಓದಿ ಹೇಳುವವರು ಯಾರು? ಗುಂಪಿನ ಕೂಗನ್ನೇ ಊರಿನ ಅಭಿಪ್ರಾಯ ಅಂತ ತೆಗೆದುಕೊಂಡ ಪಿಲಾತನನ್ನು ಪ್ರತಿ ವರ್ಷ ಶುಭ ಶುಕ್ರವಾರ ಬೈಯುವವರು ನಾವೇ. ಇರಲಿ, ಅಷ್ಟು ದೊಡ್ಡ ಮಾತು ಇಲ್ಲಿಗೆ ಬೇಡ.

ಇನ್ನೂ ಒಂದು ವಿಷಯ ಒಪ್ಪಿಕೊಳ್ಳಬೇಕು. ಡಿವಿಡಿ ಆಯ್ಕೆಯನ್ನು ಬಿಟ್ಟಿದ್ದು ಮರೆತು ಅಲ್ಲ. ಡಿವಿಡಿ ಅಂದರೆ ಡಿಸ್ಕ್ ತರಬೇಕು, ಒಂದೊಂದಾಗಿ ಬರೆಯಬೇಕು, ಕವರ್ ಹಾಕಬೇಕು, ಮನೆಮನೆಗೆ ಹೋಗಬೇಕು. ಲಿಂಕ್ ಅಂದರೆ ಒಂದು ಸಲ ಒತ್ತಿದರೆ ಮುಗಿಯಿತು. ನಮಗೆ ಯಾವ ಉತ್ತರ ಸುಲಭವೋ ಆ ಉತ್ತರ ಬರುವ ಹಾಗೆ ಪ್ರಶ್ನೆ ಕೇಳಿದೆವು. ತೋಷಿಬಾದವರೂ ಸೋನಿಯವರೂ ಮಾಡಿದ್ದು ಇದನ್ನೇ. ಅವರ ಕಡೆ ಕೋಟಿ ಡಾಲರ್ ಇತ್ತು, ನಮ್ಮ ಕಡೆ ಸೋಮಾರಿತನ ಇತ್ತು.

ಹಾಗಂತ ಪೋಲ್ ಹಾಕಲೇಬಾರದು ಅನ್ನುವವರ ಮಾತನ್ನೂ ನಾವು ಒಪ್ಪುವುದಿಲ್ಲ. ಮುಂಚೆ ನಾಲ್ಕು ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದ ಕಾಲದಲ್ಲಿ ಹುಡುಗಿಯರನ್ನು ಯಾರೂ ಕೇಳುತ್ತಿರಲಿಲ್ಲ, ಪೋಲ್ ಬಂದ ಮೇಲೆ ಅವರೂ ಒತ್ತುತ್ತಾರೆ. ಅದು ಒಳ್ಳೆಯದೇ. ಆದರೆ ಫಲಿತಾಂಶ ಓದುವಾಗ ‘ಗ್ರೂಪಿನಲ್ಲಿರುವವರಲ್ಲಿ ಒತ್ತಿದವರು ಹೀಗೆ ಹೇಳಿದ್ದಾರೆ’ ಅಂತ ಓದೋಣ. ಬಾಯಿಗೆ ಸ್ವಲ್ಪ ಉದ್ದವಾಗುತ್ತದೆ, ಆಗಲಿ. ಅಂಗಡಿಯವರು ಬಂದು ‘ಸಮೀಕ್ಷೆಯಲ್ಲಿ ಇದೇ ನಂಬರ್ ಒನ್ ಟಿವಿ’ ಅಂದರೆ, ಅಣ್ಣ, ಯಾರನ್ನು ಕೇಳಿದರು, ಕೇಳಿಸಿದವರು ಯಾರು, ದುಡ್ಡು ಕೊಟ್ಟವರು ಯಾರು ಅಂತ ಒಂದು ಮಾತು ಕೇಳಿ. ಉತ್ತರ ಬರುವುದಿಲ್ಲ, ಬೆಲೆ ಸ್ವಲ್ಪ ಇಳಿದರೂ ಇಳಿಯಬಹುದು.

ಅಜ್ಜಿ ಕೇಳಿದ ಮೇಲೆ ನಾವು ಎರಡು ಸಂಜೆ ನೋಟ್‌ಬುಕ್ ಹಿಡಿದು ಬೀದಿ ಬೀದಿ ತಿರುಗಿದೆವು. ಕನ್ನಡದಲ್ಲೇ ಕೇಳಿದೆವು. ಇಂಟರ್ನೆಟ್ ಫೋನ್ ಇಲ್ಲದೆ, ಓಡುವ ಡಿವಿಡಿ ಪ್ಲೇಯರ್ ಇರುವ ಮನೆಗಳು ಹತ್ತೊಂಬತ್ತು ಸಿಕ್ಕವು. ಎರಡೂ ಇಲ್ಲದ ಮನೆಗಳೂ ಇವೆ. ಅವರಿಗೆ ಚರ್ಚ್ ಹಾಲ್‌ನಲ್ಲಿ ಒಂದು ಸಂಜೆ ಪರದೆ ಹಾಕಿ ತೋರಿಸಿ ಅಂತ ಒಬ್ಬ ತಾತ ಹೇಳಿದರು. ನಮ್ಮ ಯಾವ ಪೋಲಿನಲ್ಲೂ ಬರದ ಆಯ್ಕೆ ಅದು, ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಅದೇ. ಚಾಪೆ ನಾವೇ ತರ್ತೀವಿ ಅಂದರು.

ಡಿವಿಡಿಯೂ ಶಾಶ್ವತವಲ್ಲ, ಅದನ್ನೂ ಹೇಳಿಬಿಡುತ್ತೇವೆ. ಮನೆಯಲ್ಲಿ ಬರೆದ ಡಿಸ್ಕ್ ಕೆಲವು ವರ್ಷಕ್ಕೆ ಕೈಕೊಡಬಹುದು. ಪ್ರಪಂಚದಲ್ಲಿ ಕೊನೆಯದಾಗಿ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು. 28 ರೂಪಾಯಿಯ ಡಿಸ್ಕ್ ಮಾರಿದ ಮೋಸರ್ ಬೇಯರ್ 2018ರಲ್ಲಿ ಮುಚ್ಚುವ ಆದೇಶಕ್ಕೆ ಬಂತು. ಆದ್ದರಿಂದ ಲಿಂಕ್ ಇರಲಿ, ಪೆನ್ ಡ್ರೈವ್ ಇರಲಿ, ಡಿಸ್ಕೂ ಇರಲಿ. ಯಾರ ಮನೆಯಲ್ಲಾದರೂ ಇನ್ನೂ ಹಳೆಯ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ. ಬೂಷ್ಟು ಹಿಡಿದಿದ್ದರೂ ಪರವಾಗಿಲ್ಲ, ಡೆಕ್ಕಿಗೆ ಹಾಕದೆ ಹಾಗೇ ನಮಗೆ ಕೊಡಿ.

ಹತ್ತೊಂಬತ್ತು ಡಿಸ್ಕುಗಳು ಸಿದ್ಧವಾಗಿವೆ. ಬರುವ ಭಾನುವಾರ ಎರಡನೇ ಪೂಜೆಯ ನಂತರ ಮನೆಗಳಿಗೆ ಹೊರಡುತ್ತೇವೆ, ಮೊದಲು ಅಜ್ಜಿಯ ಮನೆಗೆ. ಅವರ ಪ್ಲೇಯರ್‌ನ ಟ್ರೇ ಅರ್ಧಕ್ಕೆ ಬಂದು ನಿಂತುಬಿಡುತ್ತದಂತೆ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರಬೇಕು. ರಿಪೇರಿ ಗೊತ್ತಿರುವವರು ಒಬ್ಬರಾದರೂ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಜೊತೆಗೆ ಬನ್ನಿ.